ಆಟ, ಉಸಿರಾಟ, ಹುಡುಗಾಟ

ಕನ್ನಡದಲ್ಲಿ ಆಡುವುದು ಮಕ್ಕಳ ಸೊತ್ತಲ್ಲ. ಗಾಳಿಗೆ ಎಲೆ ಆಡುತ್ತದೆ, ಎದೆಯಲ್ಲಿ ಉಸಿರು ಆಡುತ್ತದೆ, ಸಡಿಲಾದ ಹಲ್ಲು ಅಲ್ಲಾಡುತ್ತದೆ. ಮನುಷ್ಯರು ಮಾತಾಡುತ್ತಾರೆ, ಓಡಾಡುತ್ತಾರೆ, ಒದ್ದಾಡುತ್ತಾರೆ, ಜಗಳಾಡುತ್ತಾರೆ, ಮಿತಿಮೀರಿದರೆ ಹೊಡೆದಾಡುತ್ತಾರೆ. ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು ಕರಾವಳಿಯವರು ಸುಮ್ಮನೆ ‘ಆಟ’ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಬಯಲಾಟ, ದೊಡ್ಡಾಟ, ಸಣ್ಣಾಟಗಳಿವೆ. ಈ ಪದಗಳೆಲ್ಲದರ ಒಳಗೆ ಕುಳಿತಿರುವುದು ಹೋಗಿ, ಬಂದು, ಮತ್ತೆ ಹೋಗುವ ಚಲನೆ. ಓಡುವವನಿಗೆ ಮುಟ್ಟಬೇಕಾದ ಜಾಗ ಒಂದಿರುತ್ತದೆ, ಓಡಾಡುವವನಿಗೆ ಇರಲೇಬೇಕೆಂದಿಲ್ಲ. ತಮಿಳು, ತೆಲುಗುಗಳಲ್ಲೂ ಇದೇ ಧಾತುವಿದೆ. ಆಟ ಎಂದರೇನು, ಸಂಸ್ಕೃತಿಯಲ್ಲಿ ಅದರ ಜಾಗ ಯಾವುದು ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವಾಗ ಈ ಕ್ರಿಯಾಪದದಿಂದ ಹೊರಡುವುದು ಅನುಕೂಲ.

ಜರ್ಮನಿಯ ತತ್ತ್ವಜ್ಞಾನಿ ಹಾನ್ಸ್ ಗೆಯೋರ್ಗ್ ಗಾಡಮರ್ 1960ರಲ್ಲಿ ಪ್ರಕಟಿಸಿದ ‘ಸತ್ಯ ಮತ್ತು ವಿಧಾನ’ ಎಂಬ ಗ್ರಂಥದಲ್ಲಿ ಹೊರಟದ್ದೂ ಇಂಥದೇ ಜಾಗದಿಂದ. ಬೆಳಕಿನ ಆಟ, ಅಲೆಗಳ ಆಟ ಎಂಬ ಜರ್ಮನ್ ಬಳಕೆಗಳನ್ನು ಹಿಡಿದು, ಯಾವ ಗುರಿಯಲ್ಲೂ ಮುಗಿಯದ ಹೋಗುಬರುವಿಕೆಯೇ ಆಟದ ಮೂಲ ಅರ್ಥ ಎಂದು ಅವರು ಹೇಳಿದರು. ಆಟಗಾರ ಆಟವನ್ನು ಆಡುತ್ತಾನೆ ಎನ್ನುವುದಕ್ಕಿಂತ ಆಟವೇ ಆಟಗಾರನನ್ನು ಆಡಿಸುತ್ತದೆ ಎಂಬುದು ಅವರ ನಿಲುವು. ಈ ಮಾತು ಯುರೋಪಿನ ಓದುಗರಿಗೆ ವಿಚಿತ್ರವಾಗಿ ಕೇಳಿಸಿರಬಹುದು. ಸೂತ್ರದ ಬೊಂಬೆಯಾಟ ನೋಡಿದವರಿಗೆ, ‘ವಿಧಿಯಾಟ’ ಎಂಬ ಪದ ಬಳಸುವವರಿಗೆ ಅಷ್ಟೇನೂ ಹೊಸದಲ್ಲ. ಹಾಗೆಂದು ಪದದ ಹುಟ್ಟು ತತ್ತ್ವಕ್ಕೆ ಪುರಾವೆಯಾಗುವುದಿಲ್ಲ. ಅದು ಯಾವ ಕಡೆ ಹುಡುಕಬೇಕೆಂದು ತೋರಿಸುತ್ತದೆ, ಅಷ್ಟೆ.

ಪಶ್ಚಿಮದ ಚಿಂತನೆಯಲ್ಲಿ ಆಟಕ್ಕೆ ಬಹುಕಾಲ ಸಿಕ್ಕಿದ್ದು ಅಂಚಿನ ಜಾಗ. ಪ್ಲೇಟೋ ಮನುಷ್ಯನನ್ನು ದೇವರ ಆಟಿಕೆ ಎಂದದ್ದುಂಟು. ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಸೌಂದರ್ಯದ ಅನುಭವವನ್ನು ಕಲ್ಪನೆ ಮತ್ತು ಬುದ್ಧಿಗಳ ಸ್ವತಂತ್ರವಾದ ಆಟವೆಂದು ವಿವರಿಸಿದ. ಐದು ವರ್ಷದ ನಂತರ ಕವಿ ಶಿಲ್ಲರ್ ಇನ್ನೂ ಮುಂದೆ ಹೋಗಿ, ಆಡುವಾಗಲಷ್ಟೇ ಮನುಷ್ಯ ಪೂರ್ಣ ಮನುಷ್ಯನೆಂದು ವಾದಿಸಿದ. ಆದರೆ ಇವರಾರೂ ಗೋಲಿಯನ್ನೋ ಪಗಡೆಯನ್ನೋ ಕುಳಿತು ನೋಡಿದವರಲ್ಲ. ಆ ಕೆಲಸ ಮಾಡಿದವರು ಡಚ್ ಇತಿಹಾಸಕಾರ ಯೋಹಾನ್ ಹೈಸಿಂಗಾ.

ಹೈಸಿಂಗಾ ಕಲಿತದ್ದು ಸಂಸ್ಕೃತ. 1897ರಲ್ಲಿ ಅವರು ಡಾಕ್ಟರೇಟಿಗೆ ಬರೆದ ಪ್ರಬಂಧ ಭಾರತೀಯ ನಾಟಕದ ವಿದೂಷಕನನ್ನು ಕುರಿತದ್ದು. ನಾಲ್ಕು ದಶಕಗಳ ನಂತರ, 1938ರಲ್ಲಿ, ‘ಹೋಮೊ ಲೂಡೆನ್ಸ್’ ಬಂತು: ಆಡುವ ಮನುಷ್ಯ ಎಂದರ್ಥ. ಆಟವು ಸಂಸ್ಕೃತಿಯ ಒಂದು ಭಾಗವಲ್ಲ. ಕಾನೂನು, ಯುದ್ಧ, ಕಾವ್ಯ, ಯಜ್ಞ, ತತ್ತ್ವವಾದ ಇವೆಲ್ಲ ಹುಟ್ಟಿದ್ದೇ ಆಟದ ರೂಪದಲ್ಲಿ ಎಂಬುದು ಅದರ ಪ್ರತಿಪಾದನೆ. ಅದರಲ್ಲಿ ಆಟದ ಪದಗಳಿಗೇ ಒಂದು ಅಧ್ಯಾಯವಿದೆ. ಕ್ರೀಡೆ, ದ್ಯೂತ, ವಿಲಾಸ, ಲೀಲೆಗಳ ಧಾತುಗಳನ್ನು ಅವರು ಬೇರೆ ಬೇರೆ ತೂಗಿ ನೋಡುತ್ತಾರೆ. ದ್ರಾವಿಡ ಭಾಷೆಗಳತ್ತ ಅವರ ಕಣ್ಣು ಹಾಯ್ದಿದ್ದರೆ ಆ ಅಧ್ಯಾಯ ಇನ್ನಷ್ಟು ಉದ್ದವಾಗುತ್ತಿತ್ತು. ವಿದೂಷಕನಿಂದ ಶುರುಮಾಡಿದವರು ಆಟಕ್ಕೆ ಬಂದು ಮುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆಟಕ್ಕೆ ಅವರು ಕೊಟ್ಟ ಲಕ್ಷಣಗಳಲ್ಲಿ ಹೆಚ್ಚು ಬಾಳಿದ್ದು ‘ಗೆರೆ’ಯ ಕಲ್ಪನೆ. ಆಟ ದಿನನಿತ್ಯದ ಬದುಕಿನಿಂದ ಬೇರ್ಪಟ್ಟ ಒಂದು ಆವರಣದೊಳಗೆ, ಒಪ್ಪಿದ ನಿಯಮಗಳಂತೆ ನಡೆಯುತ್ತದೆ. ಕುಂಟೆಬಿಲ್ಲೆಗೆ ನೆಲದ ಮೇಲೆ ಎಳೆದ ಮನೆಗಳು, ಚೌಕಾಬಾರಕ್ಕೆ ಸೀಮೆಸುಣ್ಣದ ಚೌಕ, ಯಕ್ಷಗಾನಕ್ಕೆ ಕಂಬ ನೆಟ್ಟ ರಂಗಸ್ಥಳ. ಹಂಪಿಯ ಕಲ್ಲುಹಾಸುಗಳ ಮೇಲೆ ಕೊರೆದಿರುವ ಆಟದ ಮನೆಗಳು ಇವತ್ತಿಗೂ ಕಾಣುತ್ತವೆ. ದೇವಸ್ಥಾನದ ಗರ್ಭಗುಡಿಗೂ ಇಂಥದೇ ಗೆರೆಯಿದೆ ಎಂಬುದು ಹೈಸಿಂಗಾ ವಾದದ ಹರಿತವಾದ ಭಾಗ: ಆಟದ ಅಂಕಣವನ್ನೂ ಪೂಜೆಯ ಆವರಣವನ್ನೂ ಹೊರಗಿನಿಂದ ನೋಡಿದವನು ಬೇರ್ಪಡಿಸಲಾರ.

ಗೆರೆಯಿದ್ದ ಮೇಲೆ ಅದನ್ನು ಮೀರುವವರೂ ಇರುತ್ತಾರೆ. ಕಳ್ಳಾಟ ಆಡುವವನಿಗಿಂತ ಆಟ ಕೆಡಿಸುವವನ ಮೇಲೆ ಮಕ್ಕಳಿಗೆ ಸಿಟ್ಟು ಹೆಚ್ಚು. ಕಳ್ಳಾಟದವನು ನಿಯಮವನ್ನು ಮುರಿದರೂ ಅದಿದೆ ಎಂದು ಒಪ್ಪಿಕೊಂಡಿರುತ್ತಾನೆ. ‘ಇದೆಲ್ಲಾ ಸುಮ್ನೆ’ ಎಂದು ಎದ್ದುಹೋಗುವವನು ಆ ಲೋಕವನ್ನೇ ಒಡೆಯುತ್ತಾನೆ. ಬೆಂಗಳೂರಿನ ಬೀದಿಗಳಲ್ಲಿ ಕೇಳುವ ‘ಟೈಂ ಪ್ಲೀಸ್’ ಇವೆರಡಕ್ಕೂ ಸೇರದ ಮೂರನೆಯದು. ಚಪ್ಪಲಿ ಕಿತ್ತುಹೋದರೆ, ಅಮ್ಮ ಕರೆದರೆ, ಆ ಎರಡು ಪದ ಹೇಳಿ ಆಟದ ಕಾಲವನ್ನು ನಿಲ್ಲಿಸಿ, ಆಮೇಲೆ ಬಿಟ್ಟಲ್ಲಿಂದ ಮುಂದುವರಿಸಬಹುದು. ದೊಡ್ಡವರ ಕಾಲಕ್ಕೆ ಈ ಸೌಲಭ್ಯವಿಲ್ಲ.

ನಿಯಮ ಯಾಕೆ ಬೇಕು ಎಂಬುದಕ್ಕೆ ತತ್ತ್ವಜ್ಞಾನಿ ಬರ್ನಾರ್ಡ್ ಸೂಟ್ಸ್ 1978ರ ‘ದಿ ಗ್ರಾಸ್‌ಹಾಪರ್’ ಪುಸ್ತಕದಲ್ಲಿ ಕೊಟ್ಟ ಉತ್ತರ ಸರಳ: ಬೇಕಿಲ್ಲದ ಅಡ್ಡಿಗಳನ್ನು ತಾನಾಗಿ ಹಾಕಿಕೊಂಡು ದಾಟಲು ಹೊರಡುವುದೇ ಆಟ. ಲಗೋರಿಯ ಬಿಲ್ಲೆಗಳನ್ನು ಮೊದಲೇ ಕೈಯಿಂದ ಜೋಡಿಸಿಡಬಹುದಿತ್ತು. ಚೆಂಡಿನಿಂದ ಬೀಳಿಸಿ, ಏಟು ತಪ್ಪಿಸಿಕೊಳ್ಳುತ್ತ ಜೋಡಿಸಬೇಕೆಂಬ ಅಡ್ಡಿಯೇ ಆಟವಾಯಿತು. ಈ ವ್ಯಾಖ್ಯೆಗೆ ಕನ್ನಡದಲ್ಲಿ ಸಿಗುವ ಅತ್ಯುತ್ತಮ ಉದಾಹರಣೆ ಮೈದಾನದಲ್ಲಿಲ್ಲ, ಅವಧಾನದ ವೇದಿಕೆಯ ಮೇಲಿದೆ. ಅಷ್ಟಾವಧಾನದ ನಿಷೇಧಾಕ್ಷರಿಯಲ್ಲಿ ಅವಧಾನಿ ಪದ್ಯ ಕಟ್ಟುತ್ತ ಹೋದಂತೆ ಪೃಚ್ಛಕರು ಮುಂದಿನ ಅಕ್ಷರ ಇದಾಗಬಾರದೆಂದು ತಡೆಯುತ್ತ ಹೋಗುತ್ತಾರೆ. ಕವಿ ಆ ತಡೆಯನ್ನು ಸುತ್ತಿಕೊಂಡು, ಛಂದಸ್ಸು ಕೆಡದಂತೆ, ಅರ್ಥ ಬಿಡದಂತೆ ಪದ್ಯ ಮುಗಿಸಬೇಕು. ಸಾಲದ್ದಕ್ಕೆ ಅಪ್ರಸ್ತುತಪ್ರಸಂಗಿ ಎಂಬ ಒಬ್ಬರು ಅಸಂಬದ್ಧ ಪ್ರಶ್ನೆ ಕೇಳಿ ಗಮನ ಕೆಡಿಸಲೆಂದೇ ಕುಳಿತಿರುತ್ತಾರೆ. ಬೆಂಗಳೂರಿನ ಶತಾವಧಾನಿ ಆರ್. ಗಣೇಶ್ ಅವರಿಂದಾಗಿ ಈ ಕಲೆ ಕನ್ನಡದಲ್ಲಿ ಮತ್ತೆ ಜೀವಂತವಾಯಿತು. ಕಲ್ಪನೆಗೆ ಸ್ವಾತಂತ್ರ್ಯ ಮಾತ್ರ ಸಾಕೆಂದು ನಂಬಿದವರು ಒಂದು ಸಂಜೆ ಅವಧಾನ ನೋಡಬೇಕು. ಅಡ್ಡಿ ಹೆಚ್ಚಿದಷ್ಟೂ ಕಲ್ಪನೆ ಚುರುಕಾಗುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಫ್ರಾನ್ಸಿನ ಚಿಂತಕ ರೋಜೆ ಕೈವಾ 1958ರಲ್ಲಿ ಆಟಗಳನ್ನು ನಾಲ್ಕಾಗಿ ವಿಂಗಡಿಸಿದರು: ಪೈಪೋಟಿ, ಅದೃಷ್ಟ, ವೇಷ ಮತ್ತು ತಲೆಸುತ್ತು. ಕಬಡ್ಡಿ, ಪಗಡೆಯ ದಾಳ, ಹುಲಿವೇಷ, ಉಯ್ಯಾಲೆ ಎಂದು ಇವಕ್ಕೆ ಉದಾಹರಣೆ ಸುಲಭವಾಗಿ ಸಿಗುತ್ತದೆ. ಈ ವಿಂಗಡಣೆಗಿಂತ ಮುಖ್ಯವಾದದ್ದು ಅವರು ಎಳೆದ ಇನ್ನೊಂದು ರೇಖೆ. ಅದರ ಒಂದು ತುದಿಯಲ್ಲಿ ಕಟ್ಟಿಲ್ಲದ ಕುಣಿದಾಟ, ಇನ್ನೊಂದು ತುದಿಯಲ್ಲಿ ನಿಯಮಬದ್ಧ ಕೌಶಲದ ಆಟ. ಕನ್ನಡದ ಗಾದೆಯೊಂದು ಈ ಎರಡೂ ತುದಿಗಳನ್ನು ಒಂದೇ ಅಂಗಳದಲ್ಲಿ ನಿಲ್ಲಿಸಿದೆ: ‘ಆಟಕ್ಕುಂಟು ಲೆಕ್ಕಕ್ಕಿಲ್ಲ.’ ಅಣ್ಣ ಅಕ್ಕಂದಿರ ಜೊತೆ ಅತ್ತು ಕರೆದು ಸೇರಿಕೊಂಡ ಪುಟ್ಟ ತಮ್ಮ ಓಡುತ್ತಾನೆ, ಕೂಗುತ್ತಾನೆ, ಸಿಕ್ಕಿಬೀಳುತ್ತಾನೆ; ಆದರೆ ಔಟಾಗುವುದಿಲ್ಲ. ಅವನು ಆಟದೊಳಗಿದ್ದಾನೆ, ಪಂದ್ಯದೊಳಗಿಲ್ಲ. ದೊಡ್ಡವರ ಬಾಯಲ್ಲಿ ಈ ಗಾದೆ ಅವಮಾನವಾಗಿದೆ; ಸಮಿತಿಗಳಲ್ಲಿ ಹೆಸರಿಗೆ ಮಾತ್ರ ಇರುವವರನ್ನು ಹೀಗೆ ಚುಚ್ಚುತ್ತಾರೆ. ಅಂಗಳದಲ್ಲಿ ಮಾತ್ರ ಅದು ಉದಾರವಾದ ಕಾಯ್ದೆ. ಸೋಲುಗೆಲುವಿನಿಂದ ಬಿಡಿಸಿಕೊಂಡರೂ ಆಟ ಆಟವಾಗಿಯೇ ಉಳಿಯುತ್ತದೆಂದು ಅದು ಒಪ್ಪುತ್ತದೆ.

ಭಾರತದ ತತ್ತ್ವಶಾಸ್ತ್ರ ಆಟವನ್ನು ಎದುರಿಸಿದ್ದು ಮನುಷ್ಯನಿಂದಲ್ಲ, ದೇವರಿಂದ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಒಂದು ಆಕ್ಷೇಪ ಬರುತ್ತದೆ: ಪರಿಪೂರ್ಣನಾದವನಿಗೆ ಯಾವ ಕೊರತೆಯೂ ಇಲ್ಲವೆಂದ ಮೇಲೆ ಅವನು ಜಗತ್ತನ್ನು ಯಾಕೆ ಸೃಷ್ಟಿಸಬೇಕು? ಪ್ರಯೋಜನವಿಲ್ಲದೆ ಬುದ್ಧಿವಂತರು ಯಾವ ಕೆಲಸಕ್ಕೂ ಕೈಹಾಕುವುದಿಲ್ಲವಲ್ಲ? ಲೋಕದಲ್ಲಿ ಕಾಣುವ ಹಾಗೆಯೇ ಅದು ಬರಿಯ ಲೀಲೆ ಎಂಬುದು ಸೂತ್ರದ ಉತ್ತರ. ಶಂಕರರು ಇದಕ್ಕೆ ಎರಡು ಹೋಲಿಕೆ ಕೊಡುತ್ತಾರೆ. ಎಲ್ಲ ಬಯಕೆಗಳೂ ತೀರಿದ ರಾಜನ ವಿಹಾರ ಒಂದು. ಹೊರಗಿನ ಯಾವ ಉದ್ದೇಶವೂ ಇಲ್ಲದೆ ಸ್ವಭಾವದಿಂದಲೇ ನಡೆಯುವ ಉಸಿರಿನ ಹೋಗುಬರುವಿಕೆ ಇನ್ನೊಂದು. ಸಂಸ್ಕೃತದಲ್ಲಿ ಲೀಲೆಗೂ ಉಸಿರಿಗೂ ಶಬ್ದದ ನಂಟಿಲ್ಲ. ಅದನ್ನು ಹೋಲಿಕೆಯಿಂದ ಕಟ್ಟಬೇಕಾಯಿತು. ಅದೇ ಮಾತನ್ನು ಕನ್ನಡಕ್ಕೆ ತಂದರೆ ಹೋಲಿಕೆಯೇ ಬೇಕಾಗುವುದಿಲ್ಲ, ಉಸಿರು ಮೊದಲೇ ‘ಉಸಿರಾಟ’.

ಉಡುಪಿಯ ಮಧ್ವಾಚಾರ್ಯರು ಅದೇ ಸೂತ್ರಕ್ಕೆ ಕೊಟ್ಟ ಹೋಲಿಕೆ ಇನ್ನೂ ಧೈರ್ಯದ್ದು. ಮತ್ತನಾದವನು ಸುಖ ಉಕ್ಕಿ ಹಾಡಿ ಕುಣಿಯುವ ಹಾಗೆ, ಏನನ್ನೋ ಪಡೆಯಲಿಕ್ಕಲ್ಲ, ಆನಂದ ತುಂಬಿ ಹರಿದದ್ದರಿಂದ ಸೃಷ್ಟಿ ಎಂದು ಅವರು ಬರೆದರು. ಕೃಷ್ಣನ ಬಾಲಲೀಲೆಗಳನ್ನು ಮನೆಮನೆಯ ಹಾಡಾಗಿಸಿದ ಹರಿದಾಸರು ಈ ಪರಂಪರೆಯವರೇ. ಆದರೆ ಸೂತ್ರಕಾರ ಅಲ್ಲಿಗೆ ನಿಲ್ಲಲಿಲ್ಲ, ಮರುಸೂತ್ರದಲ್ಲೇ ಕಹಿ ಪ್ರಶ್ನೆಯನ್ನು ಎತ್ತಿಕೊಂಡ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ನರಕಯಾತನೆ ಇರುವ ಜಗತ್ತು ಯಾರದೋ ಲೀಲೆಯಾದರೆ ಅವನು ಪಕ್ಷಪಾತಿ, ನಿರ್ದಯಿ ಎನ್ನಿಸುವುದಿಲ್ಲವೆ? ಜೀವರ ಕರ್ಮವನ್ನು ಅನುಸರಿಸಿಯೇ ಸೃಷ್ಟಿ ನಡೆಯುತ್ತದೆ ಎಂಬ ಉತ್ತರ ಬರುತ್ತದೆ. ಅದು ಎಲ್ಲರಿಗೂ ಸಮಾಧಾನ ತಂದಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಈ ಆಕ್ಷೇಪದ ಹಟ್ಟಿಯ ರೂಪ. ಒಪ್ಪಿ ಸೇರದವನಿಗೆ ಆಟ ಆಟವಲ್ಲ ಎಂಬ ನಿಯಮ ದೇವರಿಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ವೇದಾಂತದಲ್ಲಿ ಹೀಗೆ ತೆರೆದೇ ಉಳಿದಿದೆ.

ಅರಮನೆಗಳಲ್ಲಿ ಆಟಕ್ಕೆ ಇಂಥ ಗಹನತೆ ಬೇಕಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಐದು ವಿಂಶತಿಗಳ, ಎಂದರೆ ಐದು ಭಾಗಗಳ, ಸಂಸ್ಕೃತ ವಿಶ್ವಕೋಶ. ಅದರ ನಾಲ್ಕನೆಯ ಭಾಗ ವಿನೋದಗಳಿಗೆ, ಐದನೆಯದು ಕ್ರೀಡೆಗಳಿಗೆ ಮೀಸಲು. ರಾಜ್ಯ ಗಳಿಸುವುದು, ಉಳಿಸುವುದು, ಅನುಭವಿಸುವುದು ಮುಗಿದ ಮೇಲೆ ಆಡುವುದು ಎಂಬ ಈ ಕ್ರಮದಲ್ಲಿ ಆಟ ಅರಸುತನದ ಕೊನೆಯ ಮೆಟ್ಟಿಲು. ಮೈಸೂರಿನಲ್ಲಿ ಕ್ರಮ ತಿರುಗುಮುರುಗಾಯಿತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ್ 1868ರಲ್ಲಿ ತೀರಿಕೊಳ್ಳುವವರೆಗೆ ರಾಜ್ಯವಾಳದ ರಾಜರಾಗಿದ್ದರು. ಈ ಅವಧಿಯಲ್ಲಿ ಅವರು ಹೊಸ ಹೊಸ ಮಣೆಯಾಟಗಳನ್ನೂ ಗಂಜೀಫದ ಎಲೆಗಳ ವಿನ್ಯಾಸಗಳನ್ನೂ ರೂಪಿಸಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ದಾರಿಗಳನ್ನು ಬಿಡಿಸಿದರು. ಅವರ ಗ್ರಂಥ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗದ ಹೆಸರೇ ಕೌತುಕನಿಧಿ. ಇದನ್ನು ಕಾಲಹರಣವೆಂದು ತಳ್ಳಿಹಾಕಿದ ಇತಿಹಾಸಗಳಿವೆ. ಹೊರಗೆ ನಡೆಯದ ಅಪ್ಪಣೆ ನಡೆಯುವ ಒಂದು ಪುಟ್ಟ ಲೋಕವನ್ನು ಕಟ್ಟಿಕೊಂಡದ್ದು ಬರೀ ಕಾಲಹರಣ ಎನ್ನುವುದು ಕಷ್ಟ.

ಆಟದ ಗೆರೆ ಹರಿದುಹೋಗುವ ಜಾಗ ಪಣ. ಮಹಾಭಾರತದ ದ್ಯೂತಸಭೆಯಲ್ಲಿ ದ್ರೌಪದಿ ಎತ್ತಿದ್ದು ಕರುಣೆಯ ಪ್ರಶ್ನೆಯಲ್ಲ, ನಿಯಮದ ಪ್ರಶ್ನೆ: ತನ್ನನ್ನು ತಾನೇ ಸೋತವನಿಗೆ ಇನ್ನೊಬ್ಬರನ್ನು ಒಡ್ಡುವ ಹಕ್ಕು ಉಳಿದಿರುತ್ತದೆಯೆ? ಭೀಷ್ಮನಿಗೂ ಉತ್ತರ ಹೊಳೆಯಲಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗಿಯರ್ಟ್ಸ್ 1972ರಲ್ಲಿ ಬಾಲಿಯ ಕೋಳಿಜಗಳದ ಬಗ್ಗೆ ಬರೆಯುತ್ತ, ಅಲ್ಲಿ ಒಡ್ಡುವುದು ದುಡ್ಡನ್ನಲ್ಲ, ಮಾನವನ್ನು ಎಂದರು. ದಕ್ಷಿಣ ಕನ್ನಡ, ಉಡುಪಿಗಳ ಕೋಳಿ ಅಂಕಕ್ಕೂ ಕಂಬಳದ ಕೋಣದ ಯಜಮಾನರ ಗತ್ತಿಗೂ ಈ ಮಾತು ಹೊಂದುತ್ತದೆ. ಕಂಬಳಕ್ಕೆ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ತಡೆ ಬಿತ್ತು. 2017ರಲ್ಲಿ ರಾಜ್ಯ ಕಾಯ್ದೆ ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋಣ ಆಟಕ್ಕೆ ಒಪ್ಪಿತ್ತೇ ಎಂಬ ಪ್ರಶ್ನೆ ಇಲಿಯ ಪ್ರಶ್ನೆಯ ಇನ್ನೊಂದು ರೂಪ.

ಕೌಶಲ ಯಾವುದು, ಜೂಜು ಯಾವುದು ಎಂಬ ವಿಚಾರವನ್ನು ತತ್ತ್ವಜ್ಞಾನಿಗಳಿಗಿಂತ ಹೆಚ್ಚು ತಲೆಕೆಡಿಸಿಕೊಂಡು ನೋಡಿದ್ದು ನ್ಯಾಯಾಲಯಗಳು. ಸುಪ್ರೀಂ ಕೋರ್ಟು 1957ರಲ್ಲಿ ತೀರ್ಮಾನಿಸಿದ ಚಮರ್‌ಬಾಗ್‌ವಾಲಾ ಪ್ರಕರಣದ ಮೂಲ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಬಹುಮಾನದ ಪದಬಂಧ. ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ವ್ಯಾಪಾರಸ್ವಾತಂತ್ರ್ಯದ ರಕ್ಷಣೆಯಿಲ್ಲ ಎಂದು ನ್ಯಾಯಾಲಯ ಹೇಳಿತು. ಕೌಶಲವೇ ಪ್ರಧಾನವಾದ ಸ್ಪರ್ಧೆ ಬೇರೆ ಎಂಬ ಭೇದ ಅಂದಿನಿಂದ ಗಟ್ಟಿಯಾಯಿತು. ಕರ್ನಾಟಕ 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ಹೈಕೋರ್ಟು 2022ರ ಫೆಬ್ರುವರಿಯಲ್ಲಿ ಅದನ್ನು ರದ್ದುಮಾಡಿದ್ದು ಈ ಭೇದವನ್ನೇ ಹಿಡಿದು. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾನೂನು ಭೇದವನ್ನೇ ಕೈಬಿಟ್ಟು, ಹಣದ ಆನ್‌ಲೈನ್ ಆಟಗಳೆಲ್ಲವನ್ನೂ ಒಟ್ಟಿಗೆ ನಿಷೇಧಿಸಿತು.

ಆಟಕ್ಕೂ ಕಲ್ಪನೆಗೂ ಇರುವ ನಂಟನ್ನು ರಷ್ಯಾದ ಮನೋವಿಜ್ಞಾನಿ ಲೆವ್ ವಿಗೋಟ್‌ಸ್ಕಿ ಒಂದು ಕೋಲಿನಲ್ಲಿ ತೋರಿಸಿದರು. ಮಗು ಕೋಲನ್ನು ಕುದುರೆ ಎಂದು ಏರಿದಾಗ ‘ಕುದುರೆ’ ಎಂಬ ಅರ್ಥ ನಿಜವಾದ ಕುದುರೆಯಿಂದ ಕಳಚಿಕೊಳ್ಳುತ್ತದೆ. ವಸ್ತುವಿಲ್ಲದೆ ಅರ್ಥವನ್ನು ಹಿಡಿಯುವ ಶಕ್ತಿ ಅಲ್ಲಿ ಶುರುವಾಗುತ್ತದೆ. ಕೋತಿಗಳು ಕಚ್ಚುವಂತೆ ಆಡುವುದನ್ನು ಮೃಗಾಲಯದಲ್ಲಿ ಗಮನಿಸಿದ ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ 1955ರಲ್ಲಿ ಇದಕ್ಕೆ ಇನ್ನೊಂದು ಮಡಿಕೆ ಸೇರಿಸಿದರು. ಆಟದ ಕಚ್ಚು ‘ಇದು ಕಚ್ಚು’ ಎಂದೂ ‘ಇದು ಕಚ್ಚಲ್ಲ’ ಎಂದೂ ಒಟ್ಟಿಗೆ ಹೇಳುತ್ತದೆ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ದೇವತೆಗಳು ಬ್ರಹ್ಮನನ್ನು ಬೇಡುವುದು ಕ್ರೀಡನೀಯಕವನ್ನು, ಕಣ್ಣಿಗೂ ಕಿವಿಗೂ ಒದಗುವ ಆಟಿಕೆಯನ್ನು; ಅವರಿಗೆ ಸಿಕ್ಕಿದ್ದು ನಾಟಕ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ಆ ಆಟಿಕೆಯ ಹೊರಕವಚವೂ ಇಲ್ಲ. ಅರ್ಥಧಾರಿಗಳು ಪಂಚೆ ಶಲ್ಯದಲ್ಲೇ ಕುಳಿತು ಕರ್ಣನಾಗಿ, ಕೃಷ್ಣನಾಗಿ ವಾದಿಸುತ್ತಾರೆ. ಕರ್ಣ ಸಾಯುವನೆಂದು ಎಲ್ಲರಿಗೂ ಗೊತ್ತು. ಆ ರಾತ್ರಿ ಯಾರ ವಾದ ಮೇಲಾಗುವುದೆಂದು ಯಾರಿಗೂ ಗೊತ್ತಿಲ್ಲ. ಕೊನೆ ನಿಶ್ಚಿತವಾಗಿದ್ದರೂ ಆಟ ತೆರೆದಿರಬಲ್ಲದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕಲೆ ಸಿಗುವುದು ಅಪರೂಪ.

ಇಷ್ಟೆಲ್ಲವನ್ನೂ ಒಂದೇ ಹೆಸರಿನ ಕೆಳಗೆ ತರುವುದೇ ತಪ್ಪು ಎಂಬ ವಾದವೂ ಇದೆ. ತತ್ತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ಅವರ ಮರಣಾನಂತರ 1953ರಲ್ಲಿ ಬಂದ ಗ್ರಂಥದ ಪ್ರಕಾರ ಆಟಗಳೆಲ್ಲಕ್ಕೂ ಸಮಾನವಾದ ಗುಣವೊಂದಿಲ್ಲ. ಒಂದು ಮನೆತನದವರಲ್ಲಿ ಒಬ್ಬರಿಗೆ ಮೂಗು, ಇನ್ನೊಬ್ಬರಿಗೆ ನಡಿಗೆ ಹೋಲುವ ಹಾಗೆ ಬಿಡಿಬಿಡಿ ಹೋಲಿಕೆಗಳಷ್ಟೇ ಇವೆ. ಕನ್ನಡದ ‘ಆಟ’ ಈ ಮಾತಿಗೆ ಅರ್ಧ ಒಪ್ಪಿಗೆ ಕೊಡುತ್ತದೆ. ಜಗಳಾಟಕ್ಕೂ ಚದುರಂಗಕ್ಕೂ ಹೋಲಿಕೆ ಕಡಿಮೆ. ಆದರೆ ಎರಡರಲ್ಲೂ ಒಬ್ಬರ ನಡೆಗೆ ಇನ್ನೊಬ್ಬರ ನಡೆ ಬರಬೇಕು. ಒಂದು ಕಡೆ ನಿಂತರೆ ಎರಡೂ ಮುಗಿಯುತ್ತವೆ.

ನಿಯಮಗಳು ಎಲ್ಲಿಂದ ಬರುತ್ತವೆ ಎಂದು ತಿಳಿಯಲು ಮನೋವಿಜ್ಞಾನಿ ಜ್ಯಾಂ ಪಿಯಾಜೆ ಸ್ವಿಸ್ ಮಕ್ಕಳ ಗೋಲಿಯಾಟವನ್ನು ನೋಡಿದರು. ಚಿಕ್ಕ ಮಕ್ಕಳು ನಿಯಮವನ್ನು ಯಾರೋ ದೊಡ್ಡವರು ಇಟ್ಟದ್ದು, ಬದಲಿಸಲಾಗದ್ದು ಎಂದು ನಂಬಿದರೆ, ಬೆಳೆದ ಮಕ್ಕಳು ಎಲ್ಲರೂ ಒಪ್ಪಿದರೆ ಬದಲಿಸಬಹುದು ಎನ್ನುತ್ತಾರೆ ಎಂದು 1932ರಲ್ಲಿ ಬರೆದರು. ಬೆಂಗಳೂರಿನ ಬಾಣಸವಾಡಿಯ ಅಡ್ಡರಸ್ತೆಯ ಕ್ರಿಕೆಟ್ಟಿನಲ್ಲಿ ಈ ಎರಡನೆಯ ಹಂತ ಎದ್ದು ಕಾಣುತ್ತದೆ. ಒಂದು ಪಿಚ್ ಬಿದ್ದ ಚೆಂಡನ್ನು ಒಂದೇ ಕೈಯಲ್ಲಿ ಹಿಡಿದರೆ ಔಟು. ಕಾಂಪೌಂಡಿನೊಳಗೆ ಬಿದ್ದರೂ ಔಟು, ಮೇಲಾಗಿ ಹೊಡೆದವನೇ ಬೆಲ್ ಒತ್ತಿ ತರಬೇಕು. ಆಡುವವರು ಬೆಸಸಂಖ್ಯೆಯಾದರೆ ಒಬ್ಬ ಎರಡೂ ಕಡೆಗೆ ಕಾಮನ್. ಇವು ಲಾರ್ಡ್ಸ್‌ನಿಂದ ಬಂದ ನಿಯಮಗಳಲ್ಲ. ರಸ್ತೆಯ ಅಗಲ, ನಿಲ್ಲಿಸಿದ ಕಾರು, ಎದುರುಮನೆಯವರ ಸಿಟ್ಟು ಇವುಗಳಿಂದ ಹುಟ್ಟಿದವು. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳಂ ಮನೆಗಳ ಮಕ್ಕಳು ಒಂದು ಭಾಷೆಯಲ್ಲಿ ಒಪ್ಪಂದಕ್ಕೆ ಬರುವ ಮೊದಲೇ ಈ ನಿಯಮಗಳಿಗೆ ಒಪ್ಪಿರುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ, ಹಲಸೂರಿನ ಗೌತಮಪುರದಲ್ಲಿ ಕಾಲ್ಚೆಂಡಿನ ಹುಚ್ಚು ಎಷ್ಟೆಂದರೆ ಬೀದಿಯಲ್ಲಿ ಪೆಲೆಯ ಪ್ರತಿಮೆಯೇ ನಿಂತಿದೆ. ಬ್ರೆಜಿಲಿನ ಆಟಗಾರ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಸಾಲಿನಲ್ಲಿ ನಿಂತದ್ದನ್ನು ಹೈಸಿಂಗಾ ನೋಡಿದ್ದರೆ ಗರ್ಭಗುಡಿಯ ಮಾತಿಗೆ ಇನ್ನೊಂದು ಅಡಿಟಿಪ್ಪಣಿ ಸೇರುತ್ತಿತ್ತು.

ಗೆರೆ ಎಳೆಯಲು ನೆಲ ಬೇಕು. ದಂಡುಪ್ರದೇಶದಾಚೆಯ ಹಳ್ಳಿಯಾಗಿದ್ದ ಬಾಣಸವಾಡಿಯ ಸುತ್ತ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೆಣ್ಣೂರು ರಸ್ತೆ–ಬಾಣಸವಾಡಿ ರಸ್ತೆ ಬಡಾವಣೆಯನ್ನು, ಜನರ ಬಾಯಲ್ಲಿ ಎಚ್‌ಆರ್‌ಬಿಆರ್ ಅನ್ನು, ಹಾಸಿತು. ಹಳ್ಳಿಯಲ್ಲಿ ಆಟಕ್ಕೆ ಬೇರೆ ಜಾಗವೆಂದು ಇರಲಿಲ್ಲ. ಕೊಯ್ಲಾದ ಗದ್ದೆ, ಒಣಗಿದ ಕೆರೆಯಂಗಳ, ಗುಡಿಯ ಮುಂದಿನ ಬಯಲು ಎಲ್ಲವೂ ಆಯಾ ಕಾಲಕ್ಕೆ ಮೈದಾನ. ಬಡಾವಣೆಯಲ್ಲಿ ಆಟಕ್ಕೆ ನಕ್ಷೆಯ ಮೇಲೊಂದು ಬಣ್ಣ ಬಂತು, ನಕ್ಷೆಯ ಹೊರಗೆ ಅದು ಅಡಚಣೆಯಾಯಿತು. ಈಗ ನಗರದ ಖಾಲಿ ನಿವೇಶನಗಳಲ್ಲೂ ತಾರಸಿಗಳಲ್ಲೂ ಬಲೆ ಕಟ್ಟಿದ ಟರ್ಫ್‌ಗಳು ಬಾಡಿಗೆಗೆ ಸಿಗುತ್ತವೆ. ಅಲ್ಲಿ ಆಟ ಮುಗಿಯುವುದು ಕತ್ತಲಾದಾಗಲ್ಲ, ಕಟ್ಟಿದ ಗಂಟೆ ಮುಗಿದಾಗ. ಲೆಕ್ಕಕ್ಕಿಲ್ಲದವನಿಗೂ ಅಲ್ಲಿ ತಲೆಲೆಕ್ಕದ ದುಡ್ಡುಂಟು.

ಆಟದ ಬಯಲನ್ನು ಕಾಯಲು ಕಾನೂನುಗಳು ಇಲ್ಲದಿಲ್ಲ. ರಾಜ್ಯದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ 1985ರ ಕಾಯ್ದೆಯಿದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟು 1991ರಲ್ಲಿ ಒಪ್ಪಲಿಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯ 16ನೇ ಕಲಮಿನಂತೆ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇ. 15ಕ್ಕೆ ಕಡಿಮೆಯಾಗದಂತೆ ಸಾರ್ವಜನಿಕ ಉದ್ಯಾನ ಮತ್ತು ಆಟದ ಮೈದಾನಗಳಿಗೆ ಬಿಡಬೇಕು. ಆ ಹದಿನೈದರಲ್ಲಿ ಉದ್ಯಾನಕ್ಕೆ ಎಷ್ಟು, ಆಟಕ್ಕೆ ಎಷ್ಟು ಎಂದು ಕಲಮು ಬಿಡಿಸಿ ಹೇಳುವುದಿಲ್ಲ.